ಸಹಾಯ ಬೇಕು: ಅಪ್ಪನ ರೇಡಿಯೋ ಸಂಗೀತ ಕಚೇರಿ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ
ನಮಸ್ಕಾರ, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. 1980ರ ದಶಕದಲ್ಲಿ ಅಪ್ಪ ಮಂಗಳೂರು ಆಕಾಶವಾಣಿಯಿಂದ ರೆಕಾರ್ಡ್ ಮಾಡಿಟ್ಟ ಸಂಗೀತ ಕಚೇರಿಗಳ 40 ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿವೆ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಏಳೆಂಟರಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬಂದಿದೆ. ಹಾಗೇ ಹಾಕಿದರೆ ಪ್ಲೇಯರ್‌ನ ಹೆಡ್‌ಗೆ (ಟೇಪ್ ಓದುವ ಭಾಗ) ಅಂಟಿ ಬೇರೆ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಅದಕ್ಕೇ ಮುಟ್ಟಿಲ್ಲ.

ಚೆನ್ನಾಗಿರುವ ಒಂದನ್ನು ಹಾಕಿ ನೋಡಿದೆ. ತಂಬೂರಿ ಶ್ರುತಿ ಇರಬೇಕಾದ್ದಕ್ಕಿಂತ ಅರ್ಧ ಮನೆ (ಹಾರ್ಮೋನಿಯಂನ ಒಂದು ಕೀಲಿಯಷ್ಟು) ಮೇಲಿತ್ತು, ಸದ್ದು ಮಂಕು. ಹೆಡ್‌ನ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಪಿಟೀಲಿನ ಬಿಲ್ಲು ತಂತಿಗೆ ತಾಗುವುದೂ ಕೇಳಿಸಿತು. ಕಣ್ಣು ತುಂಬಿ ಬಂತು.

ಎಲ್ಲವನ್ನೂ ಕಂಪ್ಯೂಟರಿನಲ್ಲಿ 24 ಬಿಟ್ ವೇವ್ ಫೈಲ್ (ಗುಣಮಟ್ಟ ಕುಗ್ಗಿಸದ ಧ್ವನಿ ಫೈಲ್) ಮಾಡಿಡಬೇಕು. ಹಿಸ್ (ಟೇಪಿನ ಸುಯ್ ಎನ್ನುವ ಸದ್ದು) ತೆಗೆಯುವುದು ಆಮೇಲೆ, ಜಾಸ್ತಿ ತೆಗೆದರೆ ತಂಬೂರಿಯೂ ಹೋಗಿಬಿಡುತ್ತದೆ. ಕಾಸರಗೋಡು, ಮಂಗಳೂರು ಕಡೆ ಬೂಷ್ಟು ಶುಚಿ ಮಾಡಲು ಬಲ್ಲವರು, ಒಳ್ಳೆ ಕ್ಯಾಸೆಟ್ ಡೆಕ್ (ಪ್ಲೇಯರ್) ಇರುವವರು ಇದ್ದರೆ ದಯವಿಟ್ಟು ಹೇಳಿ. ಕೊರಿಯರ್‌ಗೆ ಕೊಡಲು ಧೈರ್ಯವಿಲ್ಲ, ನಾನೇ ತರುತ್ತೇನೆ.