ಕುಮಟೆಯಿಂದ ಗೋಕರ್ಣಕ್ಕೆ ಕಡಲಂಚಿನಲ್ಲೇ: ನಡೆದವರ ಅನುಭವ ಬೇಕು

ಡಿಸೆಂಬರ್ ರಜೆಯಲ್ಲಿ ಕುಮಟೆಯಿಂದ ಗೋಕರ್ಣದವರೆಗೆ ಕಡಲ ದಂಡೆಯಲ್ಲೇ ನಡೆದು ಹೋಗಬೇಕೆಂದಿದ್ದೇವೆ. ಜೊತೆಯಲ್ಲಿ ಒಂಬತ್ತು ವರ್ಷದ ಮಗಳು, ಅರುವತ್ತೈದು ದಾಟಿದ ಅಮ್ಮ. ಮೂರು ದಿನ ಸಾಕೇ? ಮನೆಮಂದಿಯೊಡನೆ ನಡೆದವರು ದಯವಿಟ್ಟು ತಿಳಿಸಿ.

* * *

ಸಾಕು. ಆದರೆ ಕಿಲೋಮೀಟರ್ ಎಣಿಸುವ ಮೊದಲು ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ. ನಾವು ಮಾವನವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದಾಗ ಮೊದಲ ದಿನ ತಿಂಡಿ ಮುಗಿಸಿ ನಿಧಾನವಾಗಿ ಹೊರಟೆವು. ಅಷ್ಟರಲ್ಲಿ ನೀರು ಏರಿ ಗಟ್ಟಿ ಮರಳೆಲ್ಲ ಮುಳುಗಿತ್ತು. ಮೇಲಿನ ಸಡಿಲ ಮರಳಿನಲ್ಲಿ ಕಾಲು ಹೂತು ಹೂತು, ಬಾಡ ತಲುಪುವ ಹೊತ್ತಿಗೆ ಮಾವನವರ ಮೀನಖಂಡ ಹಿಡಿದುಕೊಂಡಿತು. ಮರುದಿನ ಇಳಿತ ನೋಡಿ ನಸುಕಿನಲ್ಲೇ ಹೊರಟೆವು. ಅದೇ ಮಾವನವರು ಮಕ್ಕಳಿಗಿಂತ ಮುಂದಿದ್ದರು! ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಇಳಿದಾಗ ಅಷ್ಟೇ ಅಗಲವಾಗಿ ದಂಡೆ ಬಿಟ್ಟುಕೊಡುತ್ತದೆ. ಹಿಂದಿನ ಸಂಜೆ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ನೀವು ಆರಿಸಿಕೊಂಡ ದಿಕ್ಕೂ ಒಳ್ಳೆಯದು: ಡಿಸೆಂಬರಿನ ಸೂರ್ಯ ದಕ್ಷಿಣಕ್ಕಿರುವುದರಿಂದ ಬಿಸಿಲು ಹೆಚ್ಚಾಗಿ ಬೆನ್ನಿಗೇ ಬೀಳುತ್ತದೆ.

* * *

ಎರಡನೆಯ ರಾತ್ರಿ ಅಘನಾಶಿನಿ ಊರಿನಲ್ಲೇ ಉಳಿಯಿರಿ. ಅಲ್ಲಿಂದ ತದಡಿಗೆ ನದಿಯನ್ನು ದೋಣಿಯಲ್ಲಿ ದಾಟಬೇಕು. ಕೊನೆಯ ದೋಣಿ ಹಿಡಿಯಲು ಮಕ್ಕಳನ್ನು ಓಡಿಸುವುದು ಬೇಡ. ಇಳಿತದ ಹೊತ್ತಿಗೆ ಹೆಂಗಸರು ಅಳಿವೆಯ ನೀರಿಗಿಳಿದು ಬಳಚು (ತಿನ್ನುವ ಚಿಪ್ಪುಮೀನು) ಆರಿಸುತ್ತಿರುತ್ತಾರೆ. ನನ್ನ ಮಗ ಅದನ್ನು ನೋಡುತ್ತ ಅರ್ಧ ಗಂಟೆ ಕದಲಲಿಲ್ಲ, ನಾವೂ ಎಬ್ಬಿಸಲಿಲ್ಲ.

* * *

ಕೊನೆಯ ದಿನದ್ದೇ ಕಷ್ಟದ ದಾರಿ. ಬೇಲೆಕಾನ ದಾಟಿದ ಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ ತೀರಗಳ ನಡುವೆ ಗುಡ್ಡದ ಕಾಲುದಾರಿ, ಬಂಡೆ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಅಂಟಿಕೊಂಡ ಚಿಪ್ಪುಗಳು ಅಂಗಾಲು ಸೀಳುತ್ತವೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯೇ ಬೇಕು. ಅಲೆ ಬಡಿಯುವ ಬಂಡೆಯ ಮೇಲೆ ಫೋಟೊಕ್ಕೆಂದು ಮಗುವನ್ನು ನಿಲ್ಲಿಸಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಕುಡಿಯುವ ನೀರನ್ನು ತದಡಿಯಲ್ಲೇ ತುಂಬಿಸಿಕೊಳ್ಳಿ. ಅಮ್ಮನಿಗೆ ಆಯಾಸವಾದರೆ ತದಡಿಯಿಂದ ರಸ್ತೆಯ ಮೇಲೆ ಬರಲಿ, ಓಂ ತೀರದವರೆಗೆ ವಾಹನ ಬರುತ್ತದೆ. ಅಲ್ಲಿ ಎಲ್ಲರೂ ಸೇರಿ ಕುಡ್ಲೆಯ ಮೇಲೆ ಗೋಕರ್ಣಕ್ಕೆ ಒಟ್ಟಿಗೇ ನಡೆಯಬಹುದು.

* * *

ಎಲ್ಲರಿಗೂ ಧನ್ಯವಾದ. ಅಮ್ಮ ಆಗಲೇ ಪಂಚಾಂಗ ತೆಗೆದು ದಿನ ಹುಡುಕುತ್ತಿದ್ದಾರೆ. ವಾಹನದ ಮಾತಿಗೆ ಮಾತ್ರ ಇನ್ನೂ ಒಪ್ಪಿಲ್ಲ.