ಹೊಸ ಸ್ಪೀಕರ್ ಬಳಸ್ತಾ ಬಳಸ್ತಾ ದನಿ ಬದಲಾಗುತ್ತಾ?

ಪ್ರಶ್ನೆ: ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ತಂದಿದ್ದೇನೆ. ಚೆಲ್ಲೋ ವಾದ್ಯದ ಮಂದ್ರ ಮೊದಲು ಬಿಗಿಯಾಗಿ ಕೇಳ್ತಿತ್ತು, ಈಗ ತುಂಬಿಕೊಂಡು ಬರ್ತಿದೆ. ನೂರು ಗಂಟೆ ನುಡಿಸಿದ್ರೆ ಇನ್ನೂ ಅರಳುತ್ತೆ ಅಂತಾರೆ, ಹೌದಾ? ವಾಪಸ್ ಕೊಡೋ ಗಡುವು ಹತ್ತಿರ ಬಂತು.

ಉತ್ತರ: ಡ್ರೈವರ್ (ಸ್ಪೀಕರೊಳಗೆ ದನಿ ಹೊರಡಿಸೋ ಭಾಗ) ತರಿಸಿ ನಾನೇ ಪೆಟ್ಟಿಗೆ ಕಟ್ಟುವವನು, ಅಳತೆಯಲ್ಲಿ ಬದಲಾವಣೆ ಖಂಡಿತ ಕಾಣುತ್ತೆ. ಡ್ರೈವರಿನಲ್ಲಿ ಅಲುಗಾಡಿ ದನಿ ಮಾಡೋ ಕೋನ್ ಹಿಂದೆ ಮಡಿಕೆ ಮಡಿಕೆಯಾದ ಬಟ್ಟೆಯ ಬಿಲ್ಲೆ ಇರುತ್ತಲ್ಲ, ಸ್ಪೈಡರ್, ಅದಕ್ಕೆ ರಾಳ ಕುಡಿಸಿ ಗಟ್ಟಿ ಮಾಡಿರ್ತಾರೆ. ಕೋನ್ ಚೆನ್ನಾಗಿ ಹಿಂದೆ ಮುಂದೆ ಆಡಿದ ಮೇಲೆ ಅದು ಸಡಿಲವಾಗಿ, ಡ್ರೈವರಿನ ರೆಸೊನೆನ್ಸ್ (ಅದು ತಾನಾಗೇ ಹೆಚ್ಚು ಕಂಪಿಸೋ ಸ್ವರಮಟ್ಟ) ಕೆಲವು ಹರ್ಟ್ಸ್ ಇಳಿಯುತ್ತೆ. ಬಹುಪಾಲು ಮೊದಲ ಕೆಲ ಗಂಟೆಗಳಲ್ಲೇ ಮುಗಿಯುತ್ತೆ. ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಂತೂ ಒಳಗಿನ ಗಾಳಿಯೇ ದೊಡ್ಡ ಸ್ಪ್ರಿಂಗ್, ಹಾಗಾಗಿ ಕಿವಿಗೆ ಮುಟ್ಟೋದು ತೀರಾ ಕಡಿಮೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ನನಗೆ ಕೇಳಿಸಿದ್ದು?

ಉತ್ತರ: ಬಹುಶಃ ಕಿವಿ ಹೊಂದಿಕೊಂಡಿದೆ ಸರ್. ಸ್ಪೀಕರನ್ನ ಗೋಡೆ ಕಡೆ ಒಂದು ಗೇಣು ಸರಿಸಿದ್ರೂ ಮಂದ್ರ ಇದಕ್ಕಿಂತ ಹೆಚ್ಚು ಬದಲಾಗುತ್ತೆ.

ಮತ್ತೊಬ್ಬರು: ಮುಂದಿನ ಸಲ ಜೋಡಿಯಲ್ಲಿ ಒಂದನ್ನೇ ನುಡಿಸಿ, ಇನ್ನೊಂದನ್ನ ಹಾಗೇ ಇಡಿ. ಆಮೇಲೆ ಒಂದೇ ಜಾಗದಲ್ಲಿಟ್ಟು, ಮೊನೊದಲ್ಲಿ (ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟು), ಸಮ ವಾಲ್ಯೂಮಲ್ಲಿ ಬೇರೆಯವರ ಕೈಲಿ ಬದಲಾಯಿಸಿ ಕೇಳಿ.

ಮೊದಲ ಉತ್ತರದವರು: ಗಡುವು ಮೀರೋವರೆಗೆ ಮಾತ್ರ ಕಾಯಬೇಡಿ. ಈಗ ಕರ್ಕಶ ಅನ್ನಿಸಿದ್ರೆ ಈಗಲೇ ವಾಪಸ್ ಕೊಡಿ.