ದಿನವೂ ಅದೇ ಪೈಪು ಬಿಚ್ಚುವುದು, ಅದೇ ಪೈಪು ಸುತ್ತುವುದು: ಏಕೆ?

ಮೂರನೇ ಮಹಡಿ:
ನಮ್ಮ ಮನೆ ಜಯನಗರದ ಕಡೆ. ಅಡುಗೆಮನೆಯ ಕಿಟಕಿ ತೆರೆದರೆ ಅಗ್ನಿಶಾಮಕ ಠಾಣೆಯ ಅಂಗಳ. ಹಾಲು ಕಾಯಿಸುವ ಹೊತ್ತಿಗೆ ಸೀಟಿ ಕೇಳುತ್ತದೆ. ಆರೇಳು ಜನ ಓಡಿಬಂದು ಪೈಪು ಬಿಚ್ಚಿ ಜೋಡಿಸುತ್ತಾರೆ, ಏಣಿ ನಿಲ್ಲಿಸುತ್ತಾರೆ, ಮತ್ತೆ ಎಲ್ಲವನ್ನೂ ಸುತ್ತಿಡುತ್ತಾರೆ. ತಲೆ ನರೆತವರೂ ಇದ್ದಾರೆ. ನಿನ್ನೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಶೆಡ್ಡಿನೊಳಗೆ ಬಿಟ್ಟಿದ್ದರು. ಅವರು ಗೋಡೆಯನ್ನು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಸವರುತ್ತಾ ಹೋದರು. "ಅಮ್ಮಾ, ಇವರು ಇನ್ನೂ ಕಲಿತು ಮುಗಿಸಿಲ್ಲವೇ?" ಎಂದು ಮಗಳು ಕೇಳಿದಳು. ಗೊತ್ತಿರುವವರು ಹೇಳುವಿರಾ?

ಹಳೆಯ ಫೈರ್‌ಮನ್:
ತಾಯಿ, ಇದೇ ಪ್ರಶ್ನೆಯನ್ನು ಕೆಲಸಕ್ಕೆ ಸೇರಿದ ಮೊದಲ ವಾರ ನಾನು ನಮ್ಮ ಠಾಣಾಧಿಕಾರಿಗೆ ಕೇಳಿದ್ದೆ. ಉತ್ತರದ ಬದಲು ಇನ್ನೂ ನಾಲ್ಕು ಸಲ ಏಣಿ ಹತ್ತಿಸಿದರು.

ಮೊದಲು ಕೈಯ ವಿಷಯ. ಹೊಗೆಯಲ್ಲಿ ಜೋತುಬಿದ್ದ ವಿದ್ಯುತ್ ತಂತಿಗೆ ಅಂಗೈ ತಗುಲಿದರೆ ಬೆರಳುಗಳು ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತವೆ. ಹಿಂಬದಿ ತಗುಲಿದರೆ ಕೈ ಮಡಚಿಕೊಂಡು ದೂರ ಸರಿಯುತ್ತದೆ. ಇದನ್ನು ಹೇಳಿಕೊಡಲು ಒಂದು ನಿಮಿಷ ಸಾಕು. ಆದರೆ ಗಾಬರಿಯಾದಾಗ ಎಲ್ಲರ ಅಂಗೈಯೂ ತಾನಾಗಿ ಮುಂದೆ ಚಾಚುತ್ತದೆ. ಅದನ್ನು ಬಿಡಿಸಲು ನನಗೆ ವರ್ಷಗಳೇ ಹಿಡಿದವು.

ಇನ್ನು ಪೈಪು. ಒಮ್ಮೆ ಪೇಟೆಯ ಕಡೆ ಬಟ್ಟೆ ಗೋದಾಮಿನ ನೆಲಮಾಳಿಗೆಗೆ ಇಳಿದಿದ್ದೆವು. ಟಾರ್ಚ್ ಹಾಕಿದರೆ ಹೊಗೆ ಬಿಳಿ ಗೋಡೆಯಂತೆ ಬೆಳಕನ್ನು ನಮ್ಮ ಮುಖಕ್ಕೇ ಎಸೆಯುತ್ತಿತ್ತು. ಬೆನ್ನಿನ ಮೇಲೆ ಉಸಿರಾಟದ ಸಿಲಿಂಡರ್: 6 ಲೀಟರಿನದು, 300 ಬಾರ್ ಒತ್ತಡ. ಲೆಕ್ಕದಲ್ಲಿ 45 ನಿಮಿಷ ಬರಬೇಕು. ಭಾರ ಎಳೆಯುತ್ತಾ ಏದುಸಿರು ಬಿಡುವವನಿಗೆ ಅಷ್ಟು ಬರುವುದಿಲ್ಲ. ಗಾಳಿ ಮುಗಿಯುತ್ತಿದೆ ಎಂದು ಸೀಟಿ ಹೊಡೆದುಕೊಂಡಾಗ ಜೊತೆಗಾರ ನನ್ನನ್ನು ಒಂದು ಕಡೆಗೆ ಎಳೆದ. ಪೈಪಿನ ಗುಂಟ ತಡವಿದೆ, ಎರಡು ಪೈಪುಗಳನ್ನು ಜೋಡಿಸುವ ಕಪ್ಲಿಂಗ್ ಸಿಕ್ಕಿತು. ಅದರಲ್ಲಿ ಎರಡು ಕಿವಿಗಳಿರುತ್ತವೆ, ಎಳೆದು ಬಿಡಿಸುವುದಕ್ಕೆ. ಜೋಡಣೆಯಲ್ಲಿ ಕಿವಿಯಿರುವ ಬದಿ ವಾಹನದ ಕಡೆಗೆ, ಅಂದರೆ ಹೊರದಾರಿಯ ಕಡೆಗೆ. ಅವನು ಎಳೆಯುತ್ತಿದ್ದದ್ದು ಒಳಕ್ಕೆ! ಗವಸು ತೊಟ್ಟ ಕೈಗೆ ಆ ಕಿವಿಯ ಗುರುತು ಸಿಕ್ಕಿದ್ದು ನಿಮ್ಮ ಮಗಳು ನೋಡುತ್ತಿರುವ ಅದೇ ಪೈಪು ಸುತ್ತುವ ಕೆಲಸದಿಂದ.

ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದಂದು ಸಾರ್ವಜನಿಕರ ಮುಂದೆ ಮಾಡುವ ಪ್ರದರ್ಶನ ಬೇರೆ. ಅದರಲ್ಲಿ ಬೆಂಕಿ ನಾವು ಹೇಳಿದ ಜಾಗದಲ್ಲೇ ಉರಿಯುತ್ತದೆ.

ಸಂಘದ ಕಾರ್ಯದರ್ಶಿ:
ಸರ್, ನಮ್ಮದು 14 ಮಹಡಿಯ ಅಪಾರ್ಟ್‌ಮೆಂಟ್. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಬೇಕು. ಮಾಡುತ್ತೇವೆ. ಕಳೆದ ಬಾರಿ ಗಂಟೆ ಬಾರಿಸಿದಾಗ ಅರ್ಧ ಜನ ಲಿಫ್ಟಿನಲ್ಲಿ ಇಳಿದು ಬಂದರು, ಒಬ್ಬರು ತರಕಾರಿ ಚೀಲದ ಸಮೇತ. ನಗರದಲ್ಲಿ 90 ಮೀಟರ್ ಏಣಿಯ ವಾಹನವಿದೆಯಲ್ಲ, ಇದೆಲ್ಲ ಏಕೆ ಎನ್ನುತ್ತಾರೆ.

ಹಳೆಯ ಫೈರ್‌ಮನ್:
ಆ ವಾಹನಕ್ಕೆ ನಾಲ್ಕೂ ಕಾಲು ಚಾಚಿ ಊರಲು ಗಟ್ಟಿ ನೆಲ ಬೇಕು, ಸ್ವಾಮಿ. ನಿಮ್ಮ ಕಟ್ಟಡದ ಸುತ್ತಲಿನ ದಾರಿಯಲ್ಲಿ ಎಷ್ಟು ಕಾರುಗಳು ನಿಂತಿವೆ, ಇವತ್ತು ರಾತ್ರಿ ಎಣಿಸಿ ನೋಡಿ.

2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಏಳು ಮಹಡಿಯ ಕಟ್ಟಡ ಅದು. ಏಣಿಯ ಎತ್ತರದ ಮಾತು ಬಿಡಿ, ಅಲ್ಲಿ ಜನರನ್ನು ಕಿಟಕಿಗೆ ಅಟ್ಟಿದ್ದು ಹೊಗೆ. ಆದ್ದರಿಂದ ಮೆಟ್ಟಿಲಿನ ಬಾಗಿಲುಗಳನ್ನು ನೋಡಿ. ಅವು ಮುಚ್ಚಿರಬೇಕು, ಬೀಗ ಬಿದ್ದಿರಬಾರದು. ಗಾಳಿ ಬರಲೆಂದು ಇಟ್ಟಿಗೆ ಕೊಟ್ಟು ತೆರೆದಿಡುತ್ತಾರೆ. ಆಗ ಮೆಟ್ಟಿಲೇ ಹೊಗೆಯ ಚಿಮಣಿ.

ಸಂಘದ ಕಾರ್ಯದರ್ಶಿ:
ಆರನೇ ಮಹಡಿಯಲ್ಲಿ ಇಟ್ಟಿಗೆಯಿದೆ. ಎಂಟನೆಯದರಲ್ಲಿ ತುಳಸಿಯ ಕುಂಡ. ಅದನ್ನು ಸರಿಸಲು ಹೇಳುವುದೇ ದೊಡ್ಡ ಕಾರ್ಯಾಚರಣೆ.

ಮೂರನೇ ಮಹಡಿ:
ಮಗಳು ನಿನ್ನೆಯಿಂದ ಕಣ್ಣು ಮುಚ್ಚಿಕೊಂಡು, ಗೋಡೆಗೆ ಕೈಯ ಹಿಂಬದಿ ತಾಗಿಸುತ್ತಾ ಬಚ್ಚಲಿಗೆ ಹೋಗುತ್ತಿದ್ದಾಳೆ. ಠಾಣೆಗೆ ಕರೆದುಕೊಂಡು ಹೋದರೆ ಒಳಗೆ ಬಿಡುತ್ತಾರೆಯೇ?

ಹಳೆಯ ಫೈರ್‌ಮನ್:
ಕವಾಯತು ಮುಗಿದ ಮೇಲೆ ಹೋಗಿ ಕೇಳಿ, ಸಂತೋಷದಿಂದ ತೋರಿಸುತ್ತಾರೆ. ಗೇಟಿನ ಎದುರು ಮಾತ್ರ ಸ್ಕೂಟರ್ ನಿಲ್ಲಿಸಬೇಡಿ.